‘ಉತ್ತರ ಬರೆಯಬೇಡಿ ಮೇಡಂ’: ಕೀಮೊ ನಡೆಯುತ್ತಿರುವ ಸಹೋದ್ಯೋಗಿಗೆ ಗುಂಪಾಗಿ ಧೈರ್ಯ ಹೇಳುವ ಬಗೆ

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ನಮ್ಮ ಕನ್ನಡ ಮೇಡಂಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಗಿ ಆಪರೇಷನ್ ಆಯಿತು. 21 ದಿನಕ್ಕೊಂದರಂತೆ ಎಂಟು ಕೀಮೊ ಎಂದಿದ್ದಾರೆ, ಎರಡು ಮುಗಿದಿವೆ. ಅವರಿಗೆ ಧೈರ್ಯ ತುಂಬಲೆಂದು ಈಗಿನ ಸಿಬ್ಬಂದಿ, ವರ್ಗವಾಗಿ ಹೋದವರು, ನಿವೃತ್ತರು ಎಲ್ಲ ಸೇರಿ 27 ಜನ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿ ಅವರನ್ನೂ ಸೇರಿಸಿಕೊಂಡೆವು. ದಿನಾ ಎಲ್ಲರೂ ಏನಾದರೊಂದು ಹಾಕುತ್ತಿದ್ದೆವು. ಮೊದಮೊದಲು ಅವರು ಕೈಮುಗಿಯುವ ಚಿತ್ರ ಹಾಕುತ್ತಿದ್ದರು. ಎರಡನೇ ಕೀಮೊ ಆದ ನಾಲ್ಕನೇ ದಿನ ಒಂದು ಮಾತೂ ಹೇಳದೆ ಗ್ರೂಪ್ ಬಿಟ್ಟರು. ಕೆಲವರಿಗೆ ಬೇಜಾರಾಗಿದೆ, ನನಗೆ ಭಯವಾಗಿದೆ. ನಾವೇನು ತಪ್ಪು ಮಾಡಿದೆವು? ಮತ್ತೆ ಮೆಸೇಜ್ ಕಳಿಸಬಹುದೇ, ಇಲ್ಲ ಸುಮ್ಮನಿದ್ದುಬಿಡಬೇಕೇ?

ಉತ್ತರ: ಕಳಿಸಿ. ಸುಮ್ಮನಾಗುವುದೊಂದನ್ನು ಮಾತ್ರ ಮಾಡಬೇಡಿ. ಅವರು ಬಿಟ್ಟಿದ್ದು ಗ್ರೂಪನ್ನು, ನಿಮ್ಮನ್ನಲ್ಲ. ನಾಲ್ಕನೇ ದಿನ ಬಿಟ್ಟರು ಎಂದು ನೀವೇ ಬರೆದಿದ್ದೀರಿ, ಅದರಲ್ಲೇ ಅರ್ಧ ಉತ್ತರವಿದೆ.

ಕೀಮೊ ಕೊಡುವ ದಿನ ವಾಂತಿ ತಡೆಯಲು ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಕೊಡುವುದು ರೂಢಿ. ಅದರಿಂದ ಮೊದಲ ಒಂದೆರಡು ರಾತ್ರಿ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ಅದರ ಬಲ ಇಳಿದ ಮೇಲೆ, ಹೆಚ್ಚುಕಡಿಮೆ ಮೂರನೇ ದಿನದಿಂದ ಆರನೇ ದಿನದವರೆಗೆ ಮೈ ಕುಸಿದುಹೋಗುತ್ತದೆ. ಮಲಗಿ ಎದ್ದರೂ ಹೋಗದ ದಣಿವು ಅದು. ಬಾಯಿಗೆ ರುಚಿ ಇರುವುದಿಲ್ಲ, ಒಗ್ಗರಣೆ ವಾಸನೆಗೇ ಹೊಟ್ಟೆ ತೊಳೆಸುತ್ತದೆ. ಓದಿದ ಸಾಲನ್ನೇ ಮತ್ತೆ ಓದಬೇಕಾಗುತ್ತದೆ. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರೆ ಆ ಕಡೆಯ ತೋಳೆತ್ತಿ ಹೊತ್ತುಗಟ್ಟಲೆ ಫೋನ್ ಹಿಡಿಯುವುದು ನೋವಿನ ಕೆಲಸ. ಮುಂದಿನ ಸುತ್ತುಗಳಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಜಾತಿಯ ಔಷಧ ಇದ್ದರೆ ಬೆರಳ ತುದಿ ಜೋಮು ಹಿಡಿದು ಫೋನಿನಲ್ಲಿ ಅಕ್ಷರ ಒತ್ತುವುದೂ ತ್ರಾಸ.

ಆ ಸ್ಥಿತಿಯಲ್ಲಿ ಅವರ ದಿಂಬಿನ ಪಕ್ಕದ ಫೋನನ್ನು ನೆನೆಯಿರಿ. ರಾತ್ರಿ ಎರಡು ಗಂಟೆ, ನಿದ್ದೆ ಇಲ್ಲ. ಗ್ರೂಪ್ ತೆರೆದರೆ ಓದದ ಮೆಸೇಜ್ ನೂರು ದಾಟಿವೆ. ಮೇಲೊಂದು ಗುಲಾಬಿಯ ಶುಭೋದಯ. ಅದರ ಕೆಳಗೆ ತುಟ್ಟಿಭತ್ಯೆ ಆದೇಶದ ಪಿಡಿಎಫ್, ಯಾರೋ ಬೇರೆ ಗ್ರೂಪಿಗೆ ಹಾಕಬೇಕಾದ್ದನ್ನು ಇಲ್ಲಿ ಹಾಕಿದ್ದು. ಆಮೇಲೆ ಲಕ್ಷ್ಮಣಫಲ ತಿಂದರೆ ಕ್ಯಾನ್ಸರ್ ಮಾಯ ಎನ್ನುವ ವಿಡಿಯೊ. ನಿವೃತ್ತರೊಬ್ಬರ ‘ನಮ್ಮ ಅತ್ತಿಗೆಗೂ ಇದೇ ಆಗಿತ್ತು, ಪಾಪ’ ಎಂಬ ಸಾಲು, ಅದಕ್ಕೆ ಸಾಲಾಗಿ ಕೈಮುಗಿದ ಚಿತ್ರಗಳು. ‘ಮೇಡಂ ಹೇಗಿದ್ದೀರಿ?’ ಒಂಬತ್ತು ಸಲ, ಒಂಬತ್ತು ಜನರಿಂದ. ನಿಮ್ಮ ಗ್ರೂಪಿನಲ್ಲಿ ನಿಖರವಾಗಿ ಇದೇ ಇತ್ತು ಎನ್ನುತ್ತಿಲ್ಲ. ಆದರೆ 27 ಜನ ದಿನಾ ಬರೆಯುವ ಯಾವ ಗ್ರೂಪಾದರೂ ಎರಡು ವಾರದಲ್ಲಿ ಈ ರೂಪಕ್ಕೆ ಬರುತ್ತದೆ.

ಇದರಲ್ಲಿ ಅವರನ್ನು ಹಣಿದದ್ದು ಮೆಸೇಜುಗಳ ಸಂಖ್ಯೆಯಷ್ಟೇ ಅಲ್ಲ. ಕ್ಷೇಮ ವಿಚಾರಿಸಿದವರಿಗೆ ಮರುಮಾತು ಹೇಳದಿರುವುದು ನಮ್ಮಲ್ಲಿ ಅಗೌರವ. ಒಬ್ಬರಿಗೆ ಕೈಮುಗಿದರೆ ಉಳಿದ 26 ಜನಕ್ಕೆ? ಹೆಡ್‌ಮಾಸ್ಟರಿಗೆ ಉತ್ತರಿಸಿ ಅಟೆಂಡರ್ ಅಕ್ಕನಿಗೆ ಉತ್ತರಿಸದಿದ್ದರೆ? ವರ್ಷಗಟ್ಟಲೆ ಶಾಲೆಯಲ್ಲಿ ಎಲ್ಲರನ್ನೂ ಸಮನಾಗಿ ಮಾತಾಡಿಸಿದ ಹೆಣ್ಣುಮಗಳಿಗೆ ಈ ಲೆಕ್ಕ ದೊಡ್ಡದು. ಹೀಗೆ ನೀವು ಕೊಟ್ಟ ಪ್ರೀತಿಯೇ ಅವರ ಮೇಲೆ ದಿನಾ ಬೆಳೆಯುವ ಸಾಲವಾಯಿತು. ತೀರಿಸಲಾಗದೆ ಹೊರಗೆ ಬಂದರು. ಆದ್ದರಿಂದ ನೀವು ಸರಿಪಡಿಸಬೇಕಾದ್ದು ಇದೊಂದೇ: ನಿಮ್ಮಿಂದ ಹೋಗುವ ಯಾವ ಮೆಸೇಜೂ ಅವರಿಗೆ ಕೆಲಸ ಹಚ್ಚಬಾರದು, ಮತ್ತು ಮೆಸೇಜುಗಳು ಕೊನೆಯ ಕೀಮೊ ದಾಟಿ ಮುಂದಕ್ಕೂ ಬರುತ್ತಿರಬೇಕು.

ಮೊದಲು ಈ ವಾರ ಮಾಡಬೇಕಾದ್ದು. ಅವರನ್ನು ಮತ್ತೆ ಗ್ರೂಪಿಗೆ ಸೇರಿಸಬೇಡಿ, ‘ಯಾಕೆ ಬಿಟ್ಟಿರಿ’ ಎಂದು ಕೇಳಬೇಡಿ, ಕ್ಷಮೆಯ ಉದ್ದ ಪತ್ರವೂ ಬೇಡ. ಕ್ಷಮೆ ಕೇಳಿದರೆ ‘ಛೇ, ಹಾಗೇನಿಲ್ಲ’ ಎಂದು ಸಮಾಧಾನ ಹೇಳುವ ಕೆಲಸ ಮತ್ತೆ ಅವರ ತಲೆಗೇ ಬೀಳುತ್ತದೆ. ಅವರಿಗೆ ಶಾಲೆಯಲ್ಲಿ ಯಾರು ಅತಿ ಹತ್ತಿರವೋ ಅವರೊಬ್ಬರೇ ಖಾಸಗಿಯಾಗಿ ಒಂದು ಮೆಸೇಜ್ ಕಳಿಸಲಿ. ಬೇಕಾದರೆ ಹೀಗೆ:

‘ಅಕ್ಕಾ, ಗ್ರೂಪ್ ಬಿಟ್ಟಿದ್ದು ಒಳ್ಳೇದಾಯ್ತು, ಗದ್ದಲ ಜಾಸ್ತಿ ಆಗಿತ್ತು. ಯಾರಿಗೂ ಬೇಜಾರಿಲ್ಲ. ಇನ್ಮೇಲೆ ವಾರಕ್ಕೆ ಎರಡು ಮೂರು ಸಲ ನಮ್ಮಲ್ಲಿ ಒಬ್ಬರು ಶಾಲೆ ಸುದ್ದಿ ಒಂದೆರಡು ಸಾಲು ಬರೀತೀವಿ. ಯಾವುದಕ್ಕೂ ಉತ್ತರ ಬರೀಬೇಡಿ, ಬ್ಲೂ ಟಿಕ್ ಕೂಡ ನಾವು ನೋಡಲ್ಲ. ಇದೂ ಬೇಡ ಅನ್ನಿಸಿದರೆ ನನಗೆ ಒಂದು ಚುಕ್ಕಿ ಕಳಿಸಿ ಸಾಕು, ನಿಲ್ಲಿಸ್ತೀವಿ.’

ಬೇಜಾರಾಗಿರುವ ಸಹೋದ್ಯೋಗಿಗಳಿಗೆ ಮೇಲಿನ ನಾಲ್ಕನೇ ದಿನದ ವಿವರವನ್ನು ಓದಿ ಹೇಳಿ. ಅದಾದ ಮೇಲೆ ‘ಯಾರಿಗೂ ಬೇಜಾರಿಲ್ಲ’ ಎಂಬುದು ನಿಜವೇ ಆಗುತ್ತದೆ. ಆ ಚುಕ್ಕಿಯ ಮಾತನ್ನಂತೂ ತಪ್ಪದೆ ಬರೆಯಿರಿ. ‘ಬೇಡ’ ಎನ್ನಲು ಸುಲಭದ ದಾರಿ ಇಲ್ಲದಿದ್ದಾಗ ಜನ ಫೋನ್ ಸ್ವಿಚ್ ಆಫ್ ಮಾಡುತ್ತಾರೆ.

ಈಗಿರುವ ಗ್ರೂಪನ್ನು ಮುಚ್ಚಬೇಡಿ. ಅವರಿಲ್ಲದ ಆ ಗ್ರೂಪೇ ಇನ್ನು ನಿಮ್ಮ ವ್ಯವಸ್ಥೆಯ ಕೋಣೆ. ಸರದಿ ಹಂಚಿಕೊಳ್ಳುವುದು, ಊಟ ಯಾರು ಕಳಿಸುತ್ತಾರೆ, ಊರಿಗೆ ಯಾರು ಹೋಗುತ್ತಾರೆ, ನಿಮ್ಮ ಅಳು, ನಿಮ್ಮ ಭಯ ಎಲ್ಲ ಅಲ್ಲಿರಲಿ. ಗ್ರೂಪಿನ ಹೆಸರಿನಲ್ಲಿ ಅವರ ಹೆಸರು, ಕಾಯಿಲೆಯ ಹೆಸರು ಎರಡೂ ಇದ್ದರೆ ಇವತ್ತೇ ಬದಲಿಸಿ. 27 ಫೋನುಗಳ ಲಾಕ್ ಪರದೆಯ ಮೇಲೆ ಆ ಹೆಸರು ಮೂಡುತ್ತದೆ, ಅದನ್ನು ನೋಡುವ ಮನೆಯ ಮಕ್ಕಳಲ್ಲಿ ನಿಮ್ಮ ಶಾಲೆಯ ವಿದ್ಯಾರ್ಥಿಗಳೂ ಇರಬಹುದು. ಗ್ರೂಪಿನ ಚಿತ್ರವಾಗಿ ಅವರ ಫೋಟೊ ಇದ್ದರೆ ಅದನ್ನೂ ತೆಗೆದುಬಿಡಿ. ‘ಸ್ಟಾಫ್ ರೂಮ್ ಸರದಿ’ ಎಂಥದೋ ಒಂದು ಹೆಸರು ಸಾಕು. ರಿಪೋರ್ಟ್‌ಗಳ ಫೋಟೊ, ಯಾವ ಹಂತ, ಎಷ್ಟು ಗಂಟು ಎಂಬ ವಿವರ ಅವರ ಒಪ್ಪಿಗೆಯಿಲ್ಲದೆ ಅಲ್ಲಿಗೂ ಬರಬಾರದು.

ಗ್ರೂಪಿಗೂ ಮನೆಯವರಿಗೂ ನಡುವೆ ಒಬ್ಬರೇ ಕೊಂಡಿಯಾಗಿರಲಿ. ಕೊಂಡಿಯಾದವರು ಮನೆಯವರಿಂದ, ಗಂಡನೋ ಮಗಳೋ ಯಾರು ಫೋನ್ ಎತ್ತುತ್ತಾರೋ ಅವರಿಂದ, ವಾರಕ್ಕೊಮ್ಮೆ ಮೂರೇ ವಿಷಯ ಕೇಳಿಕೊಳ್ಳಬೇಕು: ಮುಂದಿನ ಕೀಮೊ ಯಾವತ್ತು, ಈ ವಾರ ಭೇಟಿ ಬೇಕೋ ಬೇಡವೋ, ಊಟಕ್ಕೆ ಏನು ಸೇರುತ್ತಿದೆ. ಉಳಿದ 26 ಜನ ಮನೆಗೆ ಫೋನ್ ಮಾಡಿ ಅದನ್ನೇ ಕೇಳಬಾರದು. ಮನೆಯವರಿಗೂ ಒಂದು ಅನುಕೂಲ ತಿಳಿಸಿಕೊಡಿ. ನೂರಾರು ನೆಂಟರಿಗೆ ಒಂದೇ ಸುದ್ದಿ ಹೇಳಬೇಕಾದಾಗ ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ ಗ್ರೂಪಿಗಿಂತ ಒಳ್ಳೆಯದು. 256 ಜನರವರೆಗೆ ಸೇರಿಸಬಹುದು, ಪ್ರತಿಯೊಬ್ಬರಿಗೂ ಖಾಸಗಿ ಮೆಸೇಜಾಗಿ ಹೋಗುತ್ತದೆ, ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದು. ಆದರೆ ಕಳಿಸುವವರ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ‘ನನಗೆ ಯಾರೂ ಹೇಳಲೇ ಇಲ್ಲ’ ಎಂದು ದೊಡ್ಡಪ್ಪ ಮುನಿಸಿಕೊಳ್ಳುವುದು ಎಷ್ಟೋ ಸಲ ಈ ಕಾರಣಕ್ಕೆ.

ಇನ್ನು ಸರದಿ. ಆರು ಕೀಮೊ ಉಳಿದಿವೆ. ಮೂರು ವಾರಕ್ಕೊಂದು ಎಂದರೆ 18 ವಾರ. ವಾರಕ್ಕೆ ಮೂರು ಮೆಸೇಜಿನಂತೆ ಒಟ್ಟು 54, ನೀವು 27 ಜನ. ಅಂದರೆ ನಾಲ್ಕು ತಿಂಗಳಲ್ಲಿ ಒಬ್ಬೊಬ್ಬರಿಗೆ ಬರುವುದು ಎರಡೇ ಸರದಿ. ಎರಡೇ ಇವೆ ಎಂದು ಗೊತ್ತಾದಾಗ ಯಾರೂ ಗುಲಾಬಿಯ ಶುಭೋದಯಕ್ಕೆ ತಮ್ಮ ಸರದಿ ಖರ್ಚು ಮಾಡುವುದಿಲ್ಲ, ಕೂತು ಯೋಚಿಸಿ ಬರೆಯುತ್ತಾರೆ. ಸ್ಟಾಫ್ ರೂಮಿನ ಟೈಮ್‌ಟೇಬಲ್ ಹಾಕಿದ ಹಾಗೆ ತಾರೀಖು, ಹೆಸರು ಬರೆದು ಹಂಚಿ. ಅವತ್ತು ಆಗದವರು ಇನ್ನೊಬ್ಬರ ಜೊತೆ ದಿನ ಬದಲಿಸಿಕೊಳ್ಳಲಿ, ಒಂದು ದಿನ ತಪ್ಪಿದರೆ ಮರುದಿನ ಎರಡು ಕಳಿಸಬೇಡಿ.

ತಾರೀಖನ್ನು ಕ್ಯಾಲೆಂಡರ್ ವಾರದಿಂದ ಎಣಿಸದೆ ಕೀಮೊ ದಿನದಿಂದ ಎಣಿಸಿ. ಕೀಮೊದ ಹಿಂದಿನ ಸಂಜೆ ಒಂದು ಸಾಲು ಹೋಗಲಿ, ‘ನಾಳೆ ಬೆಳಿಗ್ಗೆ ನೀವು ಹೊರಡುವ ಹೊತ್ತಿಗೆ ನಾವೆಲ್ಲ ಪ್ರಾರ್ಥನೆಗೆ ಸಾಲು ನಿಂತಿರ್ತೀವಿ, ನೆನೀತೀವಿ’ ಎಂಬಂಥದ್ದು. ಮೂರರಿಂದ ಆರನೇ ದಿನದೊಳಗೆ ಬರಹ ಬೇಡ, ಚಿಕ್ಕದೊಂದು ವಾಯ್ಸ್ ಮೆಸೇಜ್ ಸಾಕು, ಕಣ್ಣು ಮುಚ್ಚಿಕೊಂಡೇ ಕೇಳಬಹುದು. ಏಳರಿಂದ ಹದಿನಾಲ್ಕನೇ ದಿನದವರೆಗೆ ಸೋಂಕು ತಡೆಯುವ ಬಿಳಿ ರಕ್ತಕಣಗಳು ಅತ್ಯಂತ ಕೆಳಗಿಳಿದಿರುತ್ತವೆ. ಆಗ ಗುಂಪಾಗಿ ನೋಡಲು ಹೋಗಲೇಬೇಡಿ, ಒಬ್ಬರ ನೆಗಡಿಯೂ ಅವರಿಗೆ ಆಸ್ಪತ್ರೆಯ ಹಾಸಿಗೆಯಾಗಬಹುದು. ಹೋಗಲಾಗದ ಆ ವಾರಕ್ಕೇ ಫೋಟೊ, ಶಾಲೆಯ ಸುದ್ದಿ ಹೆಚ್ಚು ಒದಗುತ್ತದೆ. ಮೂರನೇ ವಾರ ಮೈ ಸುಧಾರಿಸಿ ಮಾತಾಡುವ ಆಸೆಯಾಗುತ್ತದೆ. ಭೇಟಿ, ಫೋನ್ ಕರೆ ಏನಿದ್ದರೂ ಆ ವಾರ, ಅದೂ ಕೇಳಿಕೊಂಡು, ಇಬ್ಬರಿಗಿಂತ ಹೆಚ್ಚಿಲ್ಲದೆ, ಇಪ್ಪತ್ತು ನಿಮಿಷದೊಳಗೆ. ಮುಂದೆ ಔಷಧ ವಾರಕ್ಕೊಮ್ಮೆಯ ಕ್ರಮಕ್ಕೆ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ; ಅವರಿಗೆ ಯಾವ ದಿನಗಳು ಕಷ್ಟವೆಂದು ಕೊಂಡಿಯವರು ಆಗ ಮತ್ತೆ ಕೇಳಲಿ.

ಏನು ಬರೆಯುವುದು ಎಂಬಲ್ಲಿ ಸ್ವಲ್ಪ ನಿಲ್ಲೋಣ. ‘ಧೈರ್ಯವಾಗಿರಿ’ ಎಂದರೆ ತಪ್ಪೇನಿಲ್ಲ, ಆದರೆ 27 ಬಾಯಿಂದ ಕೇಳಿದಾಗ ಅದು ಆಜ್ಞೆಯಂತೆ ಕೇಳಿಸುತ್ತದೆ. ಅಳಬೇಕೆನಿಸಿದ ದಿನ ಅಳಲೂ ಸಂಕೋಚವಾಗುತ್ತದೆ. ‘ನಿಮ್ಮಂಥ ಗಟ್ಟಿಗಿತ್ತಿಗೆ ಇದೇನು ಮಹಾ’ ಎನ್ನುವುದೂ ಅದೇ ಜಾತಿ. ‘ಏನೂ ಆಗಲ್ಲ’ ಎಂದರೆ ಆಗಿರುವುದನ್ನೇ ಇಲ್ಲವೆಂದ ಹಾಗೆ. ‘ಬೇಗ ಬನ್ನಿ, ನೀವಿಲ್ಲದೆ ಹತ್ತನೇ ಕ್ಲಾಸಿನ ಮಕ್ಕಳಿಗೆ ತುಂಬಾ ತೊಂದರೆ ಆಗಿದೆ’ ಎಂಬುದನ್ನು ಪ್ರೀತಿಯಿಂದಲೇ ಬರೆಯುತ್ತೇವೆ, ಆದರೆ ರಜೆ ಎಷ್ಟು ಉಳಿದಿದೆ, ಪಾಠ ಎಷ್ಟು ಉಳಿದಿದೆ ಎಂದು ಎಣಿಸುತ್ತ ಮಲಗಿದವರ ಎದೆಗೆ ಅದು ನೇರ ತಾಗುತ್ತದೆ. ‘ನಿಮ್ಮ ಪಾಠಗಳನ್ನು ನಾನೂ ಸಮಾಜದ ಸರ್ ಹಂಚಿಕೊಂಡಿದ್ದೀವಿ, ಹಳಗನ್ನಡ ಪದ್ಯ ಮಾತ್ರ ನೀವು ಬರೆದಿಟ್ಟ ಟಿಪ್ಪಣಿ ನೋಡಿ ಮಾಡಿದೆ’ ಎಂದು ಬರೆದರೆ ಅದೇ ವಿಷಯ ಅವರಿಗೆ ನೆಮ್ಮದಿ ಕೊಡುತ್ತದೆ.

ಕಾಯಿಲೆಯ ಬಗ್ಗೆಯೇ ಬರೆಯಬೇಕೆಂದಿಲ್ಲ. ಇಡೀ ದಿನ ರಕ್ತಪರೀಕ್ಷೆ, ಮಾತ್ರೆ, ಜ್ವರದ ಅಂಕಿಯ ನಡುವೆ ಇರುವವರಿಗೆ ತಾವು ಇನ್ನೂ ಶಾಲೆಯವರು, ರೋಗಿಯಷ್ಟೇ ಅಲ್ಲ ಎಂದು ನೆನಪಿಸುವ ಸಾಲು ಬೇಕು. ‘ಇವತ್ತು ಬಿಸಿಯೂಟಕ್ಕೆ ಚಿತ್ರಾನ್ನ. ಒಂಬತ್ತನೇ ಬಿ ಸೆಕ್ಷನ್ ಹುಡುಗರು ಮೂರು ಸಲ ಹಾಕಿಸಿಕೊಂಡು, ಕಬಡ್ಡಿ ಪ್ರಾಕ್ಟೀಸಿಗೆ ಓಡಲಾರದೆ ಬೇವಿನ ಮರದಡಿ ಕೂತಿದ್ದಾರೆ.’ ಇಂಥ ಎರಡು ಸಾಲು ಸಾಕು. ಕಂಡದ್ದು, ಕೇಳಿದ್ದು, ಅವತ್ತಿನದು. ದಿನಾ ಕರೆಯುವ ಹಾಗೇ ಕರೆಯಿರಿ. ಇಷ್ಟು ವರ್ಷ ‘ಅಕ್ಕ’ ಎಂದವರು ಇದ್ದಕ್ಕಿದ್ದಂತೆ ‘ಗೌರವಾನ್ವಿತ ಮೇಡಂ ಅವರಿಗೆ’ ಎಂದು ಶುರು ಮಾಡಿದರೆ ಓದುವವರಿಗೆ ಗಾಬರಿಯಾಗುತ್ತದೆ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂದಿದೆಯೇ ನೋಡಿಕೊಳ್ಳಿ. ಬಂದಿದ್ದರೆ ಅಳಿಸಿ, ಪ್ರಶ್ನೆ ಎಂದರೆ ಉತ್ತರ ಬೇಡುವುದೇ.

ದೇವರನ್ನು ನಂಬುವವರಾದರೆ ಪ್ರಾರ್ಥನೆಯ ಮಾತು ಖಂಡಿತ ಬರೆಯಿರಿ. ‘ಸಂಜೆ ದೀಪ ಹಚ್ಚುವಾಗ ನಿಮ್ಮ ನೆನಪು ಮಾಡ್ಕೋತೀನಿ’ ಎಂಬುದಕ್ಕಿಂತ ಹಿತವಾದ ಸಾಲು ಕಡಿಮೆ. ‘ಇಷ್ಟು ಜನಕ್ಕೆ ಕಳಿಸಿದರೆ ಒಳ್ಳೆಯದಾಗುತ್ತದೆ’ ಎಂಬ ಸರಪಳಿ ಮೆಸೇಜ್ ಬೇರೆ, ಅದು ಬೇಡ. ಪ್ರಸಾದ ಕಳಿಸುವಾಗಲೂ ಒಂದು ಎಚ್ಚರ: ಕಣಗಳು ಇಳಿದಿರುವ ವಾರದಲ್ಲಿ ತೀರ್ಥ, ಹಸಿ ಹಾಲಿನ ಪಂಚಾಮೃತ, ಕತ್ತರಿಸಿಟ್ಟ ಹಣ್ಣು ಬೇಡ, ಕುಂಕುಮ, ಒಂದು ಬಿಲ್ವಪತ್ರೆಯ ಫೋಟೊ ಸಾಕು. ಎಷ್ಟೋ ವಾರ್ಡುಗಳಲ್ಲಿ ತಾಜಾ ಹೂವನ್ನೂ ಒಳಗೆ ಬಿಡುವುದಿಲ್ಲ.

ಇಷ್ಟು ಚಿಕ್ಕ, ಉತ್ತರ ಬೇಡದ ಸಾಲುಗಳಿಂದ ಏನಾದೀತು ಎನ್ನುವವರು ನಿಮ್ಮ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಜೆರೋಮ್ ಮೋಟೊ ಎಂಬ ಮನೋವೈದ್ಯರ ಕೆಲಸ ಹೇಳಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಖಿನ್ನತೆಯಿಂದಲೋ ಆತ್ಮಹತ್ಯೆಯ ಯೋಚನೆಯಿಂದಲೋ ಆಸ್ಪತ್ರೆ ಸೇರಿ, ಬಿಡುಗಡೆಯಾದ ಮೇಲೆ ಚಿಕಿತ್ಸೆ ಮುಂದುವರಿಸದ 843 ಜನರನ್ನು ಅವರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಚಿಕ್ಕ ಪತ್ರಗಳು ಹೋದವು: ನೀವು ಆಸ್ಪತ್ರೆಯಿಂದ ಹೋಗಿ ಕೆಲ ಕಾಲವಾಯಿತು, ಚೆನ್ನಾಗಿದ್ದೀರೆಂದು ನಂಬಿದ್ದೇವೆ, ಬರೆಯಬೇಕೆನಿಸಿದರೆ ನಮಗೆ ಸಂತೋಷ ಎಂಬಷ್ಟೇ ಅರ್ಥದವು. ಸಲಹೆ ಇಲ್ಲ, ಪ್ರಶ್ನೆ ಇಲ್ಲ. ಮೊದಲ ನಾಲ್ಕು ತಿಂಗಳು ತಿಂಗಳಿಗೊಂದು, ಮುಂದಿನ ಎಂಟು ತಿಂಗಳು ಎರಡು ತಿಂಗಳಿಗೊಂದು, ಆಮೇಲೆ ನಾಲ್ಕು ವರ್ಷ ಮೂರು ತಿಂಗಳಿಗೊಂದು. ಐದು ವರ್ಷದಲ್ಲಿ ಒಟ್ಟು 24 ಪತ್ರ. ಪತ್ರ ಹೋಗದವರಿಗಿಂತ ಪತ್ರ ಹೋದವರಲ್ಲಿ ಆತ್ಮಹತ್ಯೆ ಕಡಿಮೆಯಾಗಿತ್ತು, ಅದರಲ್ಲೂ ಮೊದಲ ಎರಡು ವರ್ಷ ಈ ಅಂತರ ಸ್ಪಷ್ಟವಾಗಿತ್ತು ಎಂದು 2001ರಲ್ಲಿ ಅವರು ಪ್ರಕಟಿಸಿದರು. ಆ ರೋಗಿಗಳು ಬೇರೆ, ನಿಮ್ಮ ಮೇಡಂ ಬೇರೆ. ಆದರೆ ಮನುಷ್ಯನನ್ನು ಯಾವುದು ಹಿಡಿದು ನಿಲ್ಲಿಸುತ್ತದೆ ಎಂಬುದರ ಅಳತೆ ಅಲ್ಲಿದೆ: ಕಡಿಮೆ ಮಾತು, ಏನನ್ನೂ ಬೇಡದ ಮಾತು, ನಿಲ್ಲದೆ ಬರುವ ಮಾತು.

ವಾಯ್ಸ್ ಮೆಸೇಜ್ ಮಾಡುವಾಗ ಮೂವತ್ತು ನಲವತ್ತು ಸೆಕೆಂಡಿಗೆ ನಿಲ್ಲಿಸಿ. ಮೊದಲು ಹೆಸರು, ಆಮೇಲೆ ‘ಉತ್ತರ ಬೇಡ’, ಆಮೇಲೆ ಸುದ್ದಿ. ಸ್ಟಾಫ್ ರೂಮಿನ ಫ್ಯಾನ್ ಕೆಳಗೆ ಕೂತು ಮಾಡಿದರೆ ಬರೀ ಗಾಳಿ ಕೇಳಿಸುತ್ತದೆ. ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ಬಾಗಿಲು ಮುಚ್ಚಿ ಮಾತಾಡಿ. ಎಲ್ಲರ ದನಿ ಸೇರಿಸಿ ಒಂದೇ ವಿಡಿಯೊ ಮಾಡುವ ಆಸೆ ಬರುತ್ತದೆ. 27 ಜನ ತಲಾ 20 ಸೆಕೆಂಡ್ ಎಂದರೆ ಒಂಬತ್ತು ನಿಮಿಷ, ಯಾರೂ ಪೂರ್ತಿ ನೋಡಲಾರರು. ಐದೈದು ಜನರಂತೆ ಒಂದೂವರೆ ನಿಮಿಷದ ತುಂಡು ಮಾಡಿ ಕೀಮೊಗೊಂದರಂತೆ ಕಳಿಸಿ. ಮುನ್ನ ಒಬ್ಬರು ಪೂರ್ತಿ ನೋಡಲಿ. ಯಾರಾದರೂ ಕಣ್ಣೀರು ಹಾಕಿದ್ದರೆ ಆ ಭಾಗ ತೆಗೆದುಬಿಡಿ, ಮಲಗಿದವರು ನಿಮ್ಮನ್ನು ಸಂತೈಸುವ ಹಾಗಾಗಬಾರದು.

ಹಳೆಯ ಫೋಟೊ ಕಳಿಸುವ ಮುನ್ನ ಯೋಚಿಸಿ. ಇಂಥ ಔಷಧಗಳಲ್ಲಿ ಮೊದಲ ಕೀಮೊ ಆದ ಎರಡು ಮೂರು ವಾರಕ್ಕೆ ಕೂದಲು ಉದುರಲು ಶುರುವಾಗುತ್ತದೆ. ಎರಡನೇ ಕೀಮೊ ಹೊತ್ತಿಗೆ ದಿಂಬಿನ ಮೇಲೆ, ಬಚ್ಚಲ ತೂತಿನಲ್ಲಿ ಹಿಡಿಹಿಡಿ ಸಿಗುತ್ತದೆ. ಅದೇ ವಾರ ವಾರ್ಷಿಕೋತ್ಸವದಲ್ಲಿ ಉದ್ದ ಜಡೆಗೆ ಮಲ್ಲಿಗೆ ಮುಡಿದು ನಿಂತ ಅವರ ಫೋಟೊವನ್ನು ‘ಎಷ್ಟು ಚಂದ ಇದ್ದಿರಿ’ ಎಂದು ಕಳಿಸಿದರೆ, ಆ ‘ಇದ್ದಿರಿ’ ಹೇಗೆ ಕೇಳಿಸೀತು. ಹೇಳದೆ ಕೇಳದೆ ವಿಡಿಯೊ ಕಾಲ್ ಮಾಡುವುದೂ ಬೇಡ. ತಲೆಗೆ ಬಟ್ಟೆ ಸುತ್ತಿಕೊಳ್ಳಲು ಹುಡುಕಾಡುವ ಹೊತ್ತಿಗೆ ರಿಂಗು ನಿಂತಿರುತ್ತದೆ, ಮುಜುಗರ ಉಳಿಯುತ್ತದೆ.

ಮಕ್ಕಳ ಪತ್ರಗಳು ಬೇರೆಯೇ ಸಂಪತ್ತು, ಎಚ್ಚರವೂ ಹೆಚ್ಚು ಬೇಕು. ಕಾಯಿಲೆ ಏನೆಂದು ಮಕ್ಕಳಿಗೆ ಹೇಳಬಹುದೇ ಎಂದು ಮೊದಲು ಅವರನ್ನೇ ಕೇಳಿ. ಬೇಡವೆಂದರೆ ‘ಮಿಸ್‌ಗೆ ಆರೋಗ್ಯ ಸರಿಯಿಲ್ಲ, ಚಿಕಿತ್ಸೆ ನಡೀತಿದೆ’ ಎಂಬಷ್ಟೇ. ಮೊಬೈಲ್ ವಿಡಿಯೊ ಬೇಡ, ನೋಟ್‌ಬುಕ್ಕಿನ ಅರ್ಧ ಹಾಳೆಯಲ್ಲಿ ಬರೆಸಿ. ‘ಮಿಸ್ ಬಗ್ಗೆ ಬರೆಯಿರಿ’ ಎಂದರೆ ಅರವತ್ತು ಮಕ್ಕಳೂ ‘ಬೇಗ ಗುಣಮುಖರಾಗಿ’ ಎಂದು ಬೋರ್ಡಿನಿಂದ ನಕಲು ಮಾಡುತ್ತಾರೆ. ‘ಈ ವಾರ ಶಾಲೆಯಲ್ಲಿ ನಡೆದ, ಮಿಸ್‌ಗೆ ಗೊತ್ತಿರದ ಒಂದು ಸಂಗತಿ ಬರೆಯಿರಿ’ ಎಂದು ಹೇಳಿ ನೋಡಿ, ಗೂಡು ಕಟ್ಟಿದ ಗುಬ್ಬಿಯಿಂದ ಹಿಡಿದು ಕಳೆದುಹೋದ ಜಾಮಿಟ್ರಿ ಬಾಕ್ಸ್‌ವರೆಗೆ ಎಲ್ಲ ಬರುತ್ತದೆ. ಪ್ರತಿ ಹಾಳೆಯನ್ನೂ ಒಬ್ಬ ಶಿಕ್ಷಕರು ಓದಬೇಕು. ಯಾವುದೋ ಒಂದರಲ್ಲಿ ‘ಮಿಸ್, ನೀವು ಸತ್ತುಹೋಗ್ತೀರಂತೆ ಹೌದಾ’ ಎಂದು ಇದ್ದೇ ಇರುತ್ತದೆ. ಆ ಮಗುವನ್ನು ಗದರಬೇಡಿ, ಕೂರಿಸಿಕೊಂಡು ಮಾತಾಡಿ. ಹಾಳೆಯನ್ನು ಮಾತ್ರ ತೆಗೆದಿಡಿ. ಅಕ್ಷರದ ತಪ್ಪು ತಿದ್ದಬೇಡಿ. ಅರವತ್ತನ್ನೂ ಒಮ್ಮೆಗೇ ಕಳಿಸದೆ, ಆರು ಕೀಮೊಗೆ ಹತ್ತತ್ತರಂತೆ ಲಕೋಟೆಯಲ್ಲಿ ಹಾಕಿ ಕೊಡಿ.

ಔಷಧದ ಫಾರ್ವರ್ಡುಗಳಿಗೆ ಗುಂಪಿನಲ್ಲಿ ಒಂದೇ ನಿಯಮ, ಯಾವುದೂ ಅವರಿಗೆ ಹೋಗಬಾರದು. ಲಕ್ಷ್ಮಣಫಲ ಕ್ಯಾನ್ಸರ್ ವಾಸಿ ಮಾಡುತ್ತದೆಂಬುದಕ್ಕೆ ಮನುಷ್ಯರಲ್ಲಿ ಪುರಾವೆಯಿಲ್ಲ. ಗೋಧಿ ಹುಲ್ಲಿನ ಹಸಿ ರಸ ಕಣಗಳು ಇಳಿದಿರುವಾಗ ಸೋಂಕು ತರಬಹುದು, ಕೆಲವು ಗಿಡಮೂಲಿಕೆಗಳು ಕೀಮೊ ಔಷಧದ ಕೆಲಸವನ್ನೇ ಏರುಪೇರು ಮಾಡುತ್ತವೆ. ಅದಕ್ಕಿಂತ ಅಪಾಯದ್ದು ‘ಜ್ವರ ಬಂದರೆ ಒಂದು ಪ್ಯಾರಾಸಿಟಮಾಲ್ ನುಂಗಿ ಮಲಗಿ’ ಎಂಬ ಸಾದಾ ಸಲಹೆ. ಕೀಮೊ ನಡೆಯುತ್ತಿರುವವರಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಮಾತ್ರೆ ಜ್ವರವನ್ನು ಮುಚ್ಚಿಡುತ್ತದೆ, ಸೋಂಕು ಒಳಗೆ ಬೆಳೆಯುತ್ತದೆ. ರಕ್ತ ಬೇಕಾಗಿ ಮೆಸೇಜ್ ಹಾಕಬೇಕಾಗಿ ಬಂದರೆ ರಕ್ತದ ಗುಂಪು, ಎಷ್ಟು ಯೂನಿಟ್, ಯಾವ ಆಸ್ಪತ್ರೆ, ಯಾವ ತಾರೀಖಿನವರೆಗೆ ಎಂದು ಬರೆಯಿರಿ, ಸಿಕ್ಕ ಕೂಡಲೇ ‘ಸಿಕ್ಕಿದೆ’ ಎಂದು ಅಲ್ಲೇ ಹಾಕಿ. ತಾರೀಖಿಲ್ಲದ ಇಂಥ ಮೆಸೇಜುಗಳು ತಿಂಗಳುಗಟ್ಟಲೆ ಊರೂರು ಸುತ್ತಿ ಮನೆಯವರ ಫೋನನ್ನು ರಿಂಗಣಿಸುತ್ತಲೇ ಇರುತ್ತವೆ.

ನೋಡಿಕೊಳ್ಳುವವರನ್ನು ಮರೆಯಬೇಡಿ. ಗಂಡನಿಗೋ ತಾಯಿಗೋ ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ಯಾರೂ ಹೇಳುವುದಿಲ್ಲ, ಕೇಳುವುದು ನಮ್ಮವರಿಗೆ ಸಂಕೋಚ. ‘ಗುರುವಾರ ಮಧ್ಯಾಹ್ನ ನಾಲ್ಕು ಜನಕ್ಕೆ ಊಟ ಕಳಿಸ್ತೀವಿ. ಅಕ್ಕನಿಗೆ ಬೇರೆ ಡಬ್ಬಿ, ಒಗ್ಗರಣೆ ಇಲ್ಲದ ಹೆಸರುಬೇಳೆ ಖಿಚಡಿ. ಬೇಡ ಅಂದ್ರೆ ಮಾತ್ರ ಹೇಳಿ’ ಎಂದು ದಿನ, ಹೊತ್ತು, ಪದಾರ್ಥ ಹೆಸರಿಸಿ ಬರೆಯಿರಿ. 2013ರಲ್ಲಿ ಸೂಸನ್ ಸಿಲ್ಕ್ ಮತ್ತು ಬ್ಯಾರಿ ಗೋಲ್ಡ್‌ಮನ್ ಎಂಬಿಬ್ಬರು ಬರೆದ ಒಂದು ಸರಳ ಚಿತ್ರ ನಿಮ್ಮ ಗುಂಪಿಗೆ ಉಪಯೋಗ. ನಡುವೆ ಕಾಯಿಲೆಯವರು, ಸುತ್ತ ಮನೆಯವರ ಬಳೆ, ಅದರಾಚೆ ಆಪ್ತರು, ಅದರಾಚೆ ಸಹೋದ್ಯೋಗಿಗಳು. ಸಾಂತ್ವನ ಒಳಮುಖವಾಗಿ ಹರಿಯಬೇಕು, ನಮ್ಮ ದುಗುಡ ಹೊರಮುಖವಾಗಿ. ‘ನಿಮ್ಮ ಸುದ್ದಿ ಕೇಳಿ ಮೂರು ದಿನ ನನಗೆ ಊಟ ಸೇರಲಿಲ್ಲ’ ಎಂಬುದನ್ನು ಪಕ್ಕದ ಟೇಬಲಿನ ಸಹೋದ್ಯೋಗಿಗೆ ಹೇಳಿಕೊಳ್ಳಿ, ಅವರ ಮಗಳಿಗಲ್ಲ.

ಅಪರೂಪಕ್ಕೆ ಅವರೇ ‘ಇನ್ನು ಸಾಕಾಗಿದೆ, ಯಾರಿಗೂ ಭಾರ ಆಗಬಾರದು’ ಎಂದು ಬರೆಯಬಹುದು. ಅದನ್ನು ಗ್ರೂಪಿಗೆ ಹಾಕಿ ಚರ್ಚಿಸಬೇಡಿ. ಓದಿದವರು ಆಗಲೇ ಫೋನ್ ಮಾಡಿ, ಬುದ್ಧಿ ಹೇಳದೆ ಕೇಳಿಸಿಕೊಳ್ಳಿ, ಮನೆಯವರಿಗೂ ಚಿಕಿತ್ಸೆ ಕೊಡುವ ವೈದ್ಯರಿಗೂ ತಿಳಿಯುವಂತೆ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ನೋಡಿಕೊಳ್ಳುವವರೂ ಮಾಡಬಹುದು.

ಎಂಟನೇ ಕೀಮೊ ಆದ ದಿನ ‘ಅಂತೂ ಮುಗೀತು’ ಎಂದು ಎಲ್ಲರೂ ಬರೆಯುತ್ತಾರೆ, ಮರುವಾರದಿಂದ ಫೋನ್ ಮೌನ. ಅವರಿಗೆ ಮುಗಿದಿರುವುದಿಲ್ಲ. ವಿಕಿರಣ ಚಿಕಿತ್ಸೆ ಇದ್ದರೆ ವಾರಕ್ಕೆ ಐದು ದಿನದಂತೆ ಮೂರರಿಂದ ಐದು ವಾರ ಆಸ್ಪತ್ರೆಗೆ ಓಡಾಟ, ಹಾರ್ಮೋನ್ ಮಾತ್ರೆ ಇದ್ದರೆ ಐದು ವರ್ಷ, ಕೆಲವರಿಗೆ ಹತ್ತು ವರ್ಷ. ಕೂದಲು ಒಂದಿಷ್ಟು ಬರಲು ಮೂರರಿಂದ ಆರು ತಿಂಗಳು. ಪ್ರತಿ ತಪಾಸಣೆಯ ಹಿಂದಿನ ರಾತ್ರಿ ಮತ್ತೆ ಅದೇ ಭಯ. ಚಿಕಿತ್ಸೆಯ ದಿನಗಳಲ್ಲಿ ಸುತ್ತ ನರ್ಸು, ಡಾಕ್ಟರು, ಪಕ್ಕದ ಹಾಸಿಗೆಯವರು ಇರುತ್ತಾರೆ; ಮನೆಗೆ ಬಂದ ಮೇಲೆಯೇ ಒಂಟಿತನ ಹೆಚ್ಚು ಕಾಡುವುದು. ಸರದಿಯನ್ನು ಹದಿನೆಂಟನೇ ವಾರಕ್ಕೆ ನಿಲ್ಲಿಸದೆ ಹದಿನೈದು ದಿನಕ್ಕೊಂದು, ಆಮೇಲೆ ತಿಂಗಳಿಗೊಂದು ಎಂದು ವರ್ಷವಾದರೂ ಎಳೆಯಿರಿ. ತಪಾಸಣೆಯ ತಾರೀಖು ಕೊಂಡಿಯವರ ಹತ್ತಿರ ಬರೆದಿರಲಿ.

ಶಾಲೆಗೆ ಮರಳುವ ದಿನ ಶಾಲು, ಹಾರ, ಸಭೆ ಎಂದು ಯಾರಾದರೂ ಹೊರಡುತ್ತಾರೆ. ಅವರನ್ನು ಕೇಳದೆ ಬೇಡ. ಇಡೀ ಶಾಲೆಯೆದುರು ನಿಂತು ಎರಡು ಮಾತಾಡುವ ಶಕ್ತಿ ಅವತ್ತು ಇರಲಿಕ್ಕಿಲ್ಲ. ಹಿಂದಿನ ಸಂಜೆ ಒಂದು ಮೆಸೇಜ್ ಸಾಕು: ‘ನಾಳೆ ಮೊದಲ ಪೀರಿಯಡ್ ನಿಮಗೆ ಹಾಕಿಲ್ಲ, ಎರಡನೆಯದು ಎಂಟನೇ ಎ. ಕಪಾಟಿನ ಬೀಗದ ಕೈ ನನ್ನ ಹತ್ತಿರ ಇದೆ. ಭಾರದ ಬ್ಯಾಗ್ ಆಪರೇಷನ್ ಆದ ಕಡೆಯ ಕೈಯಲ್ಲಿ ಎತ್ತಬೇಡಿ, ಗೇಟಿನ ಹತ್ತಿರ ನಾನಿರ್ತೀನಿ.’